ಬರೀ ಒಂದು ಫೋನ್ ಮಾಡಿದ ಡ್ರೈವರ್‌ಗೆ ಶಾಲು, ಹಾರ ಯಾಕೆ?

ಓದುಗರ ಪ್ರಶ್ನೆ: ಮಾನವ ಕಳ್ಳಸಾಗಣೆ ತಡೆದರೆಂದು ಬಸ್ಸು, ಆಟೋ, ಲಾರಿಯವರಿಗೆ ಅಲ್ಲಲ್ಲಿ ಸನ್ಮಾನ ಮಾಡುತ್ತಾರೆ. ವಿಚಾರಿಸಿದರೆ ಅವರು ಯಾರನ್ನೂ ಹಿಡಿದಿರುವುದಿಲ್ಲ, ಒಂದು ಫೋನ್ ಮಾಡಿರುತ್ತಾರೆ ಅಷ್ಟೇ. ಅದಕ್ಕೆ ಇಷ್ಟೆಲ್ಲ ಬೇಕೇ?

ಬೇಕು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆಯ ಬುಡದಲ್ಲಿ ಒಂದು ತಪ್ಪು ತಿಳಿವಳಿಕೆ ಕೂತಿದೆ. ಎಷ್ಟು ಅಲ್ಲಾಡಿಸಿದರೂ ಅದು ಕಿತ್ತುಬರುತ್ತಿಲ್ಲ. ಕಳ್ಳಸಾಗಣೆ ಎಂದರೆ ಅಪಹರಣ ಎಂಬ ನಂಬಿಕೆ ಅದು: ಕಪ್ಪು ಗಾಜಿನ ವ್ಯಾನು, ಬಾಯಿಗೆ ತುರುಕಿದ ಬಟ್ಟೆ, ಚೀರಾಟ. ಹಾಗಿದ್ದ ಮೇಲೆ ತಡೆದವನು ಹೊಡೆದಾಡಿರಲೇಬೇಕು ಎನ್ನುವುದು ಮುಂದಿನ ಲೆಕ್ಕ.

ಅರ್ಧ ತಪ್ಪು ನಮ್ಮ ಪದದ್ದೇ. ಕಳ್ಳಸಾಗಣೆ ಎಂದಾಕ್ಷಣ ಗಂಧದ ತುಂಡು, ಚಿನ್ನದ ಬಿಸ್ಕತ್ತು, ತಾಡಪಾಲಿನ ಅಡಿ ಬಚ್ಚಿಟ್ಟ ಮಾಲು ನೆನಪಾಗುತ್ತದೆ. ಮನುಷ್ಯರನ್ನು ಹೀಗೆ ಬಚ್ಚಿಟ್ಟು ಸಾಗಿಸುವ ಅಗತ್ಯ ಬಹಳ ಸಲ ಬೀಳುವುದೇ ಇಲ್ಲ. ಹದಿನೈದರ ಹುಡುಗಿ ಕಿಟಕಿ ಪಕ್ಕದ ಸೀಟಿನಲ್ಲಿ ಹೊಸ ಚೂಡಿದಾರ ಹಾಕಿಕೊಂಡು ಕೂತಿರುತ್ತಾಳೆ. ಕೈಯಲ್ಲಿ ಟಿಕೆಟ್ಟೂ ಇರುತ್ತದೆ. ಪಕ್ಕದಲ್ಲಿರುವವನು ಊರಿನವನೇ, ಎಷ್ಟೋ ಸಲ ನೆಂಟನೇ. ಮನೆಗೆಲಸ, ಗಾರ್ಮೆಂಟ್ಸ್, ಬ್ಯೂಟಿ ಪಾರ್ಲರ್, ಮದುವೆ, ಹೀಗೆ ಏನೋ ಒಂದು ಹೇಳಿ ಕರೆತಂದಿರುತ್ತಾನೆ. ಅಪ್ಪ ಅಮ್ಮನ ಕೈಗೆ ಮುಂಗಡವನ್ನೂ ಕೊಟ್ಟಿರಬಹುದು. ಹುಡುಗಿ ಅಳುವುದಿಲ್ಲ, ಯಾಕೆಂದರೆ ಅಳಬೇಕಾದ ಜಾಗ ಇನ್ನೂ ಬಂದಿಲ್ಲ.

ಕಾನೂನು ಇದನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಿದೆ. 2013ರ ತಿದ್ದುಪಡಿಯಲ್ಲಿ ಐಪಿಸಿಯ 370ನೇ ಕಲಂ ಆಗಿ ಬಂದ ವ್ಯಾಖ್ಯೆ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಶೋಷಣೆಯ ಉದ್ದೇಶದಿಂದ ಬೆದರಿಕೆ, ಬಲವಂತ, ಅಪಹರಣ ಮಾತ್ರವಲ್ಲ, ವಂಚನೆ, ಅಧಿಕಾರದ ದುರುಪಯೋಗ, ಆಮಿಷ ಇವುಗಳಲ್ಲಿ ಯಾವುದನ್ನು ಬಳಸಿ ಕರೆತಂದರೂ, ಸಾಗಿಸಿದರೂ, ಇಟ್ಟುಕೊಂಡರೂ ಅಪರಾಧವೇ. ಬಲಿಪಶುವಿನ ಒಪ್ಪಿಗೆ ಗಣನೆಗೆ ಬರುವುದಿಲ್ಲ ಎಂದೂ ಅಲ್ಲಿ ಸ್ಪಷ್ಟವಾಗಿ ಬರೆದಿದೆ. 'ಅವಳೇ ಖುಷಿಯಿಂದ ಹೊರಟಿದ್ದಳಲ್ಲ' ಎನ್ನುವವರು ಇದನ್ನು ಎರಡು ಸಲ ಓದಬೇಕು.

ಅಪಹರಣದ ಕಲ್ಪನೆ ಬರೀ ತಪ್ಪಾಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಅದು ಜೀವ ತೆಗೆದಿದೆ. 2018ರ ಮೇ ತಿಂಗಳಲ್ಲಿ, 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ವಾಟ್ಸ್ಆ್ಯಪ್ ಸುದ್ದಿ ನಂಬಿದ ಗುಂಪೊಂದು ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಬಡಿದು ಕೊಂದಿತು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಟೆಕ್ಕಿಯೊಬ್ಬ ಸತ್ತ. ಅವನ ಜೊತೆಗಿದ್ದವರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಸಾಕಾಗಿತ್ತು. ಅಪರಿಚಿತನನ್ನು ಹಿಡಿದು ಹೊಡೆಯುವುದೇ ಶೌರ್ಯ ಎಂದು ಕಲಿಸಿದರೆ ಆಗುವುದು ಇದೇ. ಅತ್ತ ಪರಿಚಿತನ ಕೈಹಿಡಿದು ಬಸ್ಸು ಹತ್ತಿದ ಹುಡುಗಿಯತ್ತ ಯಾರೂ ತಿರುಗಿಯೂ ನೋಡುವುದಿಲ್ಲ.

ಅವಳತ್ತ ನೋಡುವುದು ಕಂಡಕ್ಟರ್. ಈ ಮಾತು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ದಿನವೂ ನೂರಾರು ಮುಖ ನೋಡುವವರಿಗೆ ಯಾವುದು ಸಹಜ ಎಂದು ಗೊತ್ತಿರುತ್ತದೆ, ಆದ್ದರಿಂದ ಅಸಹಜವಾದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳ ಗುರುತಿನ ಚೀಟಿಯನ್ನೂ ನೋಡುತ್ತಾರೆ. ಆ ಚೀಟಿ ಹುಡುಗಿಯ ಕೈಯಿಂದಲ್ಲದೆ ಬೇರೊಬ್ಬನ ಜೇಬಿನಿಂದ ಬಂತೇ? ಎಲ್ಲಿಗಮ್ಮ ಎಂದು ಕೇಳಿದರೆ ಅವಳ ಬದಲು ಅವನೇ ಉತ್ತರಿಸಿದನೇ? ಇಳಿಯುವ ಊರಿನ ಹೆಸರೇ ಅವಳಿಗೆ ಗೊತ್ತಿಲ್ಲವೇ? ಇವುಗಳಲ್ಲಿ ಒಂದೇ ಕಂಡರೆ ಏನೂ ಅಲ್ಲ. ಎರಡು ಮೂರು ಒಟ್ಟಿಗೆ ಕಂಡರೆ ತುರ್ತು ಸಂಖ್ಯೆ 112 ಅಥವಾ ಮಕ್ಕಳ ಸಹಾಯವಾಣಿ 1098, ರೈಲಿನಲ್ಲಾದರೆ 139ಕ್ಕೆ ಫೋನ್ ಮಾಡಬೇಕು. ಕರೆಯನ್ನು ಅವರಿಗೆ ಕೇಳದಂತೆ ಮಾಡಿ, ಬಸ್ಸಿನ ನಂಬರು, ಮುಂದಿನ ನಿಲ್ದಾಣ ಹೇಳಿ ಸುಮ್ಮನಿರಬೇಕು. ನೇರವಾಗಿ ಗದರಿಸಿದರೆ ಅವನು ಮುಂದಿನ ಸ್ಟಾಪಿನಲ್ಲೇ ಅವಳನ್ನು ಇಳಿಸಿಕೊಂಡು ಹೋಗುತ್ತಾನೆ. ಫೋನ್ ಮಾಡಿಯೂ ಏನೂ ಆಗದವರಂತೆ ಟಿಕೆಟ್ ಹರಿಯುತ್ತ ಇರುವುದಿದೆಯಲ್ಲ, ಅದಕ್ಕೆ ಹೊಡೆದಾಟಕ್ಕಿಂತ ಹೆಚ್ಚು ಗಟ್ಟಿ ಗುಂಡಿಗೆ ಬೇಕು.

ಅಮೆರಿಕದಲ್ಲಿ ಲಾರಿ ಚಾಲಕರಿಗೆ ಇದನ್ನೇ ಕಲಿಸುವ 'ಟ್ರಕ್ಕರ್ಸ್ ಅಗೇನ್‌ಸ್ಟ್ ಟ್ರಾಫಿಕಿಂಗ್' ಎಂಬ ಸಂಸ್ಥೆ 2009ರಲ್ಲಿ ಹುಟ್ಟಿತು. 2015ರ ಜನವರಿಯಲ್ಲಿ ವರ್ಜೀನಿಯಾದ ಟ್ರಕ್ ನಿಲ್ದಾಣವೊಂದರಲ್ಲಿ ಒಬ್ಬ ಚಾಲಕ, ಕಪ್ಪು ಪರದೆ ಇಳಿಬಿಟ್ಟ ಮನೆವಾಹನವೊಂದರ ಕಿಟಕಿಯಲ್ಲಿ ಹುಡುಗಿಯ ಮುಖ ಕಂಡು ಪೊಲೀಸರಿಗೆ ಕರೆ ಮಾಡಿದ. ಆ ಬಾಗಿಲನ್ನು ಅವನು ತಟ್ಟಲೂ ಇಲ್ಲ. ಆ ಯುವತಿ ಬದುಕಿ ಬಂದಳು, ಇಬ್ಬರಿಗೆ ದೀರ್ಘ ಜೈಲು ಶಿಕ್ಷೆಯಾಯಿತು. ಅವನಿಗೆ ಸಂದ ಪ್ರಶಸ್ತಿ ಹ್ಯಾರಿಯೆಟ್ ಟಬ್‌ಮನ್ ಹೆಸರಿನದು. 1849ರಲ್ಲಿ ತಾನು ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಮಂದಿಯನ್ನು ಬಿಡಿಸಿ ತಂದ ಹೆಣ್ಣುಮಗಳು ಆಕೆ. ಅಂಥವರನ್ನು ಅಲ್ಲಿ ಕರೆಯುತ್ತಿದ್ದುದು 'ಕಂಡಕ್ಟರ್' ಎಂದೇ.

ಇನ್ನು ಯಾರೂ ಕೇಳದ ಒಂದು ವಿಷಯ. ಸನ್ಮಾನದ ಫೋಟೋದಲ್ಲಿ ರಕ್ಷಿಸಿದ ಮಗುವನ್ನೂ ಪಕ್ಕದಲ್ಲಿ ನಿಲ್ಲಿಸುತ್ತಾರಲ್ಲ, ಆ ಫೋಟೋ ಪ್ರಕಟಿಸುವುದು ಅಪರಾಧ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನಂತೆ ಅಂಥ ಮಗುವಿನ ಹೆಸರು, ಶಾಲೆ, ಚಿತ್ರ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಮುಖಕ್ಕೆ ಮಸುಕು ಬಳಿದು ಊರಿನ ಹೆಸರು, ಅಪ್ಪನ ಹೆಸರು ಬರೆದರೂ ಗುರುತು ಕೊಟ್ಟಂತೆಯೇ. ಡ್ರೈವರ್‌ನ ಫೋಟೋ ಹಾಕುವ ಮುಂಚೆ ಅವನನ್ನೂ ಒಂದು ಮಾತು ಕೇಳಿ, ನಾಳೆ ಅದೇ ರೂಟಿನಲ್ಲಿ ಒಬ್ಬನೇ ಹೋಗಬೇಕಾದವನು ಅವನು. ಶಾಲು ಹೊದಿಸುವುದಾದರೆ ಡಿಪೋದಲ್ಲಿ, ಜೊತೆಗಾರರ ಎದುರಿಗೇ ಹೊದಿಸಿ. ಹೇಳಿಕೆ ಕೊಡಲು ಅವನು ಠಾಣೆಯಲ್ಲಿ, ಕೋರ್ಟಿನಲ್ಲಿ ಕಳೆದ ದಿನಗಳನ್ನು ರಜೆಗೆ ಹಾಕದೆ ಡ್ಯೂಟಿ ಎಂದೇ ಬರೆಯಿರಿ.