ಹಿಗ್ಗುವುದು ದಾರವಲ್ಲ, ಕುಣಿಕೆ

"ನಮ್ಮ ಹುಬ್ಬಳ್ಳಿ ಬಿಸಲಿಗೆ ಹೆಣಿಗಿ ಅರಿವಿ ಯಾರ್ರೀ ಹಾಕ್ಕೋತಾರ?" ಅಂತ ಗೆಳೆಯರೊಬ್ಬರು ನಕ್ಕರು. ಆಗ ಅವರು ಹಾಕಿಕೊಂಡಿದ್ದು ಟೀ ಶರ್ಟು. ಒಳಗೆ ಬನಿಯನ್ನು. ಕಾಲಲ್ಲಿ ಸಾಕ್ಸು. ಮೂರೂ ಹೆಣೆದ ಬಟ್ಟೆಗಳೇ! ಮೈಮೇಲೆ ನೇಯ್ದದ್ದು ಅಂತ ಇದ್ದದ್ದು ಪ್ಯಾಂಟು ಮಾತ್ರ.

ನಂಬಿಕೆ ಬರದಿದ್ದರೆ ನಿಮ್ಮದೇ ಬನಿಯನ್ನನ್ನು ಭೂತಗನ್ನಡಿಯಲ್ಲಿ ನೋಡಿ. ಹೊರಗಡೆ ಇಂಗ್ಲಿಷಿನ 'ವಿ' ಅಕ್ಷರಗಳು ಒಂದರ ಮೇಲೊಂದು ಕೂತು ಕಂಬಗಳಾಗಿವೆ. ಒಳಗಡೆ ಸಣ್ಣ ಸಣ್ಣ ಉಬ್ಬುಗಳ ಸಾಲು. ನೆಲ್ಲಿನ ತೆನೆ ಇದ್ದ ಹಾಗೆ. ಈಗ ಕುತ್ತಿಗೆ ಪಟ್ಟಿ ಹಿಡಿದು ಎಳೆಯಿರಿ. ತಲೆ ತೂರುವಷ್ಟು ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಸಣ್ಣದಾಗುತ್ತದೆ. ಆದರೆ ಅದು ಹತ್ತಿ. ಹತ್ತಿಯ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ನೂರಕ್ಕೆ ಹತ್ತು ಪಾಲು ಹಿಗ್ಗುವುದರೊಳಗೇ ಪಟ್ಟನೆ ಹರಿಯುತ್ತದೆ. ಹಿಗ್ಗದ ದಾರದಿಂದ ಮಾಡಿದ ಬಟ್ಟೆ ಅಷ್ಟು ಹಿಗ್ಗುವುದು ಹೇಗೆ? "ಲಾಸ್ಟಿಕ್ ಹಾಕಿರ್ತಾರ" ಅನ್ನುವವರೇ ಜಾಸ್ತಿ. ಹಾಕದಿದ್ದರೂ ಹಿಗ್ಗುತ್ತದೆ ಅನ್ನುವುದೇ ಇಲ್ಲಿನ ಮಜಾ.

ನಾನು ಈ ಪ್ರಶ್ನೆಗೆ ಸಿಕ್ಕಿಬಿದ್ದದ್ದು ನಿವೃತ್ತಿಯ ಮೇಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಸ್ಪ್ರಿಂಗಿಗೆ ತೂಕ ತೂಗುಬಿಟ್ಟು ಹುಕ್‌ನ ನಿಯಮ ತೋರಿಸಿದ್ದೇನೆ. ಮೈಮೇಲಿನ ಸ್ವೆಟರ್ ಕಡೆ ಒಂದು ದಿನವೂ ನೋಡಿರಲಿಲ್ಲ. ಈಗ ಧಾರವಾಡದ ಮಾಳಮಡ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ಶನಿವಾರ ಸಂಜೆ ಏಳೆಂಟು ಜನ ಹೆಣೆಯಲು ಸೇರುತ್ತಾರೆ. ಗಂಡಸು ನಾನೊಬ್ಬನೇ. ಗಿರ್ಮಿಟ್ ತಿಂದ ಕೈ ತೊಳೆಯದೆ ಉಲ್ಲನ್ ಮುಟ್ಟಬಾರದು ಅನ್ನುವುದು ಅಲ್ಲಿಯ ಏಕೈಕ ನಿಯಮ. ಎಲ್ಲರೂ 'ಕಾಕು' ಅಂತ ಕರೆಯುವ ಹಿರಿಯರೊಬ್ಬರು ಮೊದಲ ದಿನವೇ ನನ್ನ ಕೈ ನೋಡಿ, "ಮಾಸ್ತರ, ದಾರದ ಕುತಿಗಿ ಹಿಚಕಬ್ಯಾಡ್ರಿ. ಅದು ತನ್ನಷ್ಟಕ್ಕ ಬರ್ತದ" ಅಂದರು. ಆ ಮಾತಿನಲ್ಲಿ ಎಷ್ಟು ಭೌತವಿಜ್ಞಾನ ಇತ್ತು ಅಂತ ತಿಳಿಯಲು ನನಗೆ ಒಂದು ಕುಲಾವಿ ಹಾಳಾಗಬೇಕಾಯಿತು.

ನೇಯ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದಲ್ಲ. ಬೆಟಗೇರಿಯಲ್ಲಿ ಮಗ್ಗ ಇದೆ, ಮೇಡ್ಲೇರಿಯಲ್ಲಿ ಕಂಬಳಿ ಇದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಅಡ್ಡಕ್ಕೆ ಹೊಕ್ಕಿನ ಎಳೆ ಒಂದರ ಮೇಲೆ, ಒಂದರ ಕೆಳಗೆ ಹೋಗುತ್ತದೆ. ಎಳೆ ಹೆಚ್ಚು ಕಮ್ಮಿ ನೆಟ್ಟಗೇ ಇರುತ್ತದೆ. 10 ಸೆಂಟಿಮೀಟರ್ ಧ್ವಜದ ಬಟ್ಟೆಯಿಂದ ಒಂದು ಎಳೆ ಬಿಡಿಸಿದರೆ ಸಿಗುವುದು 10ಕ್ಕಿಂತ ಸ್ವಲ್ಪ ಜಾಸ್ತಿ ದಾರ, ಅಷ್ಟೇ. ಹಿಗ್ಗಲು ಉಳಿತಾಯವೇ ಇಲ್ಲ. ಧ್ವಜ ಗಾಳಿಗೆ ಪಟಪಟ ಹೊಡೆದುಕೊಳ್ಳಬೇಕು, ಉದ್ದವಾಗಬಾರದು. ಅಲ್ಲಿ ಅದೇ ಸರಿ.

ಹೆಣಿಗೆಯ ಲೆಕ್ಕವೇ ಬೇರೆ. ಇಲ್ಲಿ ದಾರ ನೆಟ್ಟಗೆ ಹೋಗುವುದಿಲ್ಲ, ಕುಣಿಕೆಯೊಳಗೆ ಕುಣಿಕೆಯಾಗಿ ಬಳಸುತ್ತಾ ಹೋಗುತ್ತದೆ. ನಾನು ಹೆಣೆದ ಒಂದು ತುಂಡಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 20 ಕುಣಿಕೆ ಇದ್ದವು. ಆ ಒಂದು ಸಾಲನ್ನು ಬಿಚ್ಚಿ ದಾರ ಅಳೆದರೆ 30 ಸೆಂಟಿಮೀಟರಿಗೂ ಜಾಸ್ತಿ ಬಂತು. ಗುಟ್ಟು ಇರುವುದು ಇಲ್ಲಿ. ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವಾಗ ಅರಬೈಲ್ ಘಟ್ಟ ಬರುತ್ತದಲ್ಲ, ಅದನ್ನು ನೆನೆಯಿರಿ. ಹಕ್ಕಿ ಹಾರಿದರೆ ಹತ್ತಿರ. ಬಸ್ಸು ಮಾತ್ರ ಸುತ್ತಿ ಸುತ್ತಿ ಇಳಿಯುತ್ತದೆ. ಆ ರಸ್ತೆಯನ್ನು ಹಗ್ಗ ಅಂತ ತಿಳಿದು ಎರಡೂ ತುದಿ ಹಿಡಿದು ಜಗ್ಗಿದರೆ? ಹಗ್ಗ ಒಂದಿಂಚೂ ಹಿಗ್ಗಬೇಕಿಲ್ಲ. ತಿರುವುಗಳು ನೆಟ್ಟಗಾಗುತ್ತಾ ಹೋದ ಹಾಗೆ ತುದಿಗಳು ದೂರ ಹೋಗುತ್ತವೆ.

ಜಗ್ಗಿದ್ದು ಬಿಟ್ಟಾಗ ವಾಪಸ್ಸು ಬರುವುದು ಯಾಕೆ ಅಂತೀರಾ? ದಾರವನ್ನು ಎಳೆಯುವುದು ಕಷ್ಟ, ಬಗ್ಗಿಸುವುದು ಸುಲಭ. ಬಗ್ಗಿಸಿದ ದಾರ ಬಗ್ಗಿಸಿದ ಬಿದಿರಿನ ಸೀಳಿನ ಹಾಗೆ. ಬುಟ್ಟಿ ಹೆಣೆಯುವಾಗ ಸೀಳು ಸುಮ್ನೆ ಕೂರುವುದಿಲ್ಲ, ಪಕ್ಕದ ಸೀಳನ್ನು ಒತ್ತಿಕೊಂಡೇ ಇರುತ್ತದೆ. ಹೆಣಿಗೆಯಲ್ಲೂ ಒಂದೊಂದು ಕುಣಿಕೆಯೂ ಅಕ್ಕಪಕ್ಕ, ಮೇಲೆ ಕೆಳಗೆ ಇರುವ ಕುಣಿಕೆಗಳನ್ನು ಒತ್ತುತ್ತಾ ಒಂದು ರಾಜಿಗೆ ಬಂದಿರುತ್ತದೆ. ನೀವು ಜಗ್ಗಿದಾಗ ಆ ರಾಜಿ ಮುರಿಯುತ್ತದೆ, ಬಿಟ್ಟಾಗ ಮತ್ತೆ ಅದೇ ರಾಜಿಗೆ ಬರುತ್ತವೆ. ಅಗಲಕ್ಕೆ ಜಗ್ಗಿದರೆ ಉದ್ದ ಕಮ್ಮಿಯಾಗುವುದನ್ನೂ ಗಮನಿಸಿ. ಇಬ್ಬರು ಒಂದೇ ಕೌದಿ ಹೊದ್ದು ಮಲಗಿದ ಹಾಗೆ ಅದು. ಒಬ್ಬ ಅಗಲಕ್ಕೆ ಎಳೆದುಕೊಂಡರೆ ಇನ್ನೊಬ್ಬನ ಕಾಲು ಹೊರಗೆ. ಕುಣಿಕೆಯಲ್ಲಿರುವ ದಾರ ಇಷ್ಟೇ. ತಲೆಗೆ ಬೇಕಾದ್ದನ್ನು ಕಾಲಿನಿಂದಲೇ ತರಬೇಕು.

ಪ್ಯಾರಿಸ್ಸಿನ ಭೌತವಿಜ್ಞಾನಿಗಳು 2018ರಲ್ಲಿ ಇದನ್ನೇ ಗಣಿತಕ್ಕೆ ಇಳಿಸಿದರು. ದಾರ ಹಿಗ್ಗುವುದೇ ಇಲ್ಲ, ಬರೀ ಬಗ್ಗುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಬಟ್ಟೆ ಹೇಗೆ ಹಿಗ್ಗುತ್ತದೆ ಅನ್ನುವುದು ಸಿಕ್ಕಿತು. ಅದೇ ಗುಂಪು ಇನ್ನೊಂದು ಮಜಾ ವಿಷಯ ಕಂಡುಕೊಂಡಿತು. ಬಟ್ಟೆಯನ್ನು ನಿಧಾನವಾಗಿ ಜಗ್ಗಿದಾಗ ಕುಣಿಕೆಗಳು ಒಂದರ ಮೇಲೊಂದು ಉಜ್ಜಿ, ತಡೆದು, ತಟಕ್ಕನೆ ಜಾರುತ್ತವೆ. ಆ ಜಾರುವಿಕೆಗಳಲ್ಲಿ ಸಣ್ಣವು ಬಹಳ, ದೊಡ್ಡವು ಅಪರೂಪ. ಭೂಕಂಪಗಳ ಲೆಕ್ಕವೂ ಹೀಗೇ ಇರುತ್ತದೆ. ಕಾಕುಗೆ ಇದನ್ನು ಹೇಳಿದೆ. "ಭೂಕಂಪ ಆದ್ರೂ ಸಾಲು ಮುಗಿಸಿನ ಏಳ್ತೀನಿ" ಅಂದರು.

ಇನ್ನು ಸೀದಾ ಮತ್ತು ಉಲ್ಟಾ. ಹೆಣಿಗೆಯಲ್ಲಿ ಮುಖ್ಯವಾಗಿ ಇರುವುದು ಇವೆರಡೇ. ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ಎಳೆದರೆ ಉಲ್ಟಾ. ಸೀದಾ ಕುಣಿಕೆಯನ್ನು ಬೆನ್ನಿನ ಕಡೆಯಿಂದ ನೋಡಿದರೆ ಅದೇ ಉಲ್ಟಾ. ನಮ್ಮ ಗುಂಪಿನಲ್ಲಿ ಕಸೂತಿ ಹಾಕುವವರಿದ್ದಾರೆ. ಅವರ ಗವಂತಿ ಅನ್ನುವ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇಲ್ಲಿ ಹಾಗಲ್ಲ. ಮುಂದೆಲ್ಲ ಬರೀ ಸೀದಾ ಬರುವ ಹಾಗೆ ಹೆಣೆದರೆ ಬಟ್ಟೆಯ ಅಂಚು ಸುರುಳಿ ಸುತ್ತುತ್ತದೆ. ಪಕ್ಕದ ಅಂಚುಗಳು ಹಿಂದಕ್ಕೆ, ಮೇಲಿನ ಕೆಳಗಿನ ಅಂಚುಗಳು ಮುಂದಕ್ಕೆ. ಹೊಸಬರು ಇದನ್ನು ತಮ್ಮ ತಪ್ಪು ಅಂದುಕೊಂಡು ಇಸ್ತ್ರಿ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಅದು ತಪ್ಪಲ್ಲ. ಬಗ್ಗಿದ ದಾರಗಳೆಲ್ಲ ಒಂದೇ ಕಡೆಗೆ ಒತ್ತುತ್ತಿವೆ.

ಆ ಒತ್ತಡವನ್ನೇ ಕೆಲಸಕ್ಕೆ ಹಚ್ಚಿದರೆ? ಎರಡು ಕಂಬ ಸೀದಾ, ಎರಡು ಕಂಬ ಉಲ್ಟಾ ಹಾಕಿ. ಒಂದು ಜೋಡಿ ಒಂದು ಕಡೆ ಸುರುಳಿಯಾಗಲು ನೋಡಿದರೆ ಪಕ್ಕದ ಜೋಡಿ ಇನ್ನೊಂದು ಕಡೆ ಸುರುಳಿಯಾಗಲು ನೋಡುತ್ತದೆ. ಸೀದಾ ಕಂಬ ಮುಂದೆ ಬರುತ್ತದೆ, ಉಲ್ಟಾ ಕಂಬ ಹಿಂದೆ ಸರಿಯುತ್ತದೆ. ಬಟ್ಟೆ ತಾನೇ ಮಡಿಕೆ ಮಡಿಕೆಯಾಗಿ ಕುಗ್ಗುತ್ತದೆ, ಹಾರ್ಮೋನಿಯಂ ತಿದಿಯ ಹಾಗೆ. ಜಗ್ಗಿದಾಗ ಮೊದಲು ಮಡಿಕೆ ಬಿಚ್ಚುತ್ತದೆ, ಆಮೇಲೆ ಕುಣಿಕೆಗಳು ಅಗಲವಾಗುತ್ತವೆ. ಹಿಗ್ಗಿಗೆ ಎರಡು ಖಜಾನೆ. ಸ್ವೆಟರಿನ ಕುತ್ತಿಗೆ, ಮುಂಗೈ, ಸಾಕ್ಸಿನ ಬಾಯಿ ಎಲ್ಲ ಕಡೆ ಇದೇ ಪಟ್ಟಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಎಲಿಸಬೆಟ್ಟಾ ಮಾತ್ಸುಮೊಟೊ ಅನ್ನುವ ಭೌತವಿಜ್ಞಾನಿ ಇದ್ದಾರೆ, ಸ್ವತಃ ಹೆಣೆಯುವವರು. ಸೀದಾ ಉಲ್ಟಾಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದ ನಾಲ್ಕು ಥರದ ಹೆಣಿಗೆ ಬೇರೆ ಬೇರೆ ರೀತಿ ಹಿಗ್ಗುವುದನ್ನು ಅವರ ಗುಂಪು 2024ರಲ್ಲಿ ಅಳೆದು ತೋರಿಸಿತು. ಬರೀ ಎರಡು ಅಕ್ಷರದ ಭಾಷೆಯಲ್ಲಿ ಬಟ್ಟೆಯ ಗುಣವನ್ನು ಬರೆಯಬಹುದು ಅಂತಾಯಿತು. ಇದನ್ನು ಓದಿದ ದಿನ ನಾನು ನಿಜವಾಗಿಯೂ ಹಿಗ್ಗಿದೆ.

ಈಗ ನನ್ನ ಕುಲಾವಿ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಅಂತ ಹೆಣೆದೆ. ಮೈಯೆಲ್ಲ ಮೆತ್ತಗೆ ಹಿಗ್ಗುತ್ತಿತ್ತು. ಆದರೆ ಬಾಯಿ ಕೂಸಿನ ತಲೆಗೆ ಇಳಿಯಲೇ ಇಲ್ಲ. ಎಲ್ಲರೂ ನಕ್ಕರು, ಕೂಸು ಅತ್ತಿತು. ಕಾಕು ಅದನ್ನು ತಿರುಗಿಸಿ ನೋಡಿ, "ಕಡೀ ಸಾಲು ಮುಗಸೂಮುಂದ ಸಿಟ್ಟಿಗೆದ್ದಿದ್ರೇನ್ರಿ?" ಅಂದರು. ಕೊನೆಯ ಸಾಲಿನ ಕುಣಿಕೆಗಳನ್ನು ಒಂದರೊಳಗೊಂದು ದಾಟಿಸಿ ಮುಚ್ಚುವಾಗ ನಾನು ಪ್ರತಿಯೊಂದನ್ನೂ ಬಿಗಿದಿದ್ದೆ. ಬಿಗಿದ ಕುಣಿಕೆಯಲ್ಲಿ ತಿರುವು ಉಳಿಯುವುದಿಲ್ಲ. ತಿರುವಿಲ್ಲದ ಮೇಲೆ ನೆಟ್ಟಗಾಗಲು ಏನಿದೆ? ಘಟ್ಟದ ರಸ್ತೆಯನ್ನು ನಾನೇ ಹೆದ್ದಾರಿ ಮಾಡಿಬಿಟ್ಟಿದ್ದೆ. ಕೊನೆಯ ಸಾಲಿಗೆ ಮಾತ್ರ ದಪ್ಪ ಕಡ್ಡಿ ತಗೊಳ್ಳಿ ಅನ್ನುವುದು ಕಾಕು ಹೇಳಿದ ಉಪಾಯ. 10 ನಂಬರಿನಲ್ಲಿ ಹೆಣೆದಿದ್ದರೆ 8 ನಂಬರಿನಲ್ಲಿ ಮುಗಿಸಬೇಕು. (ಹಳೆಯ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟು ಕಡ್ಡಿ ಸಣ್ಣ. 10 ಅಂದರೆ 3.25 ಮಿಲಿಮೀಟರ್, 8 ಅಂದರೆ 4. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.)

ಕೈ ಬಿಗಿಯ ಲೆಕ್ಕ ಸಣ್ಣದಲ್ಲ. ಎದೆ ಸುತ್ತಳತೆಗೆ 200 ಕುಣಿಕೆ ಅಂತಿಟ್ಟುಕೊಳ್ಳಿ. 10 ಸೆಂಟಿಮೀಟರಿಗೆ 20 ಕುಣಿಕೆ ಬೀಳುವ ಕೈಯಲ್ಲಿ ಸ್ವೆಟರ್ 100 ಸೆಂಟಿಮೀಟರ್. 22 ಬೀಳುವ ಬಿಗಿ ಕೈಯಲ್ಲಿ ಬರೀ 91. ಅದೇ ದಾರ, ಅದೇ ಕಡ್ಡಿ. ಅಪ್ಪನಿಗೆ ಅಂತ ಹೆಣೆದದ್ದು ಮಗನ ಪಾಲಾಗುತ್ತದೆ.

ಹಾಳಾದ ಕುಲಾವಿಯನ್ನು ಬಿಚ್ಚಲು ಕೂತಾಗ ಇನ್ನೊಂದು ಪಾಠ. ಮೊದಲ ಸಾಲಿನ ಕಡೆಯಿಂದ ಎಳೆದೆ. ಗಂಟು ಬಿದ್ದು ನಿಂತಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ, "ಅಜ್ಜಾರ, ಚೀಲದ ಹೊಲಿಗಿ ಯಾ ಕಡೆಯಿಂದ ಬಿಚ್ತೀರಿ?" ಅಂತ ಕೇಳಿದಳು. ಅವಳ ಊರು ಬ್ಯಾಡಗಿ, ಮೆಣಸಿನಕಾಯಿ ಚೀಲಗಳ ನಡುವೆ ಬೆಳೆದವಳು. ಗೊಬ್ಬರದ ಚೀಲ, ಸಿಮೆಂಟ್ ಚೀಲ ಬಿಚ್ಚಿದವರಿಗೆಲ್ಲ ಗೊತ್ತು. ಸರಿಯಾದ ತುದಿ ಸಿಕ್ಕರೆ ಸರ್ರನೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ, ತಪ್ಪು ತುದಿ ಹಿಡಿದರೆ ಚಾಕು ತರಬೇಕು. ಅದೂ ಕುಣಿಕೆಯೊಳಗೆ ಕುಣಿಕೆಯೇ. ಮೊದಲ ಕುಣಿಕೆಯನ್ನು ಎರಡನೆಯದು ಹಿಡಿದಿದೆ, ಎರಡನೆಯದನ್ನು ಮೂರನೆಯದು. ಕೊನೆಯದನ್ನು ಹಿಡಿಯುವವರು ಯಾರೂ ಇಲ್ಲ. ಅದಕ್ಕೇ ಅಲ್ಲಿಂದಲೇ ಬಿಚ್ಚಬೇಕು. ಹೆಣೆಯುವಾಗ ನಡುವೆ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಆ ಕಂಬವಷ್ಟೇ ಏಣಿ ಏಣಿಯಾಗಿ ಕೆಳಗೆ ಇಳಿಯುವುದೂ ಇದೇ ಕಾರಣಕ್ಕೆ. ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿ ಮೇಲೆ ತರುವುದನ್ನು ಆ ಹುಡುಗಿಯೇ ಕಲಿಸಿದಳು. ನೇಕಾರರಿಗೂ ಕುಣಿಕೆಯ ಗುಟ್ಟು ಗೊತ್ತು. ಇಳಕಲ್ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಜೋಡಿಸುವುದು ಕೊಂಡಿ ಹಾಕಿಯೇ.

"ಗಂಡಸರು ಹೆಣಿಯೂದೇನ್ರಿ?" ಅನ್ನುವವರಿಗೆ ನನ್ನ ಹತ್ತಿರ ಉತ್ತರ ಸಿದ್ಧ ಇದೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಹೆಣಿಗೆಗಾರರ ಸಂಘಗಳು ಇದ್ದದ್ದೇ ಗಂಡಸರವು. ಹೆಣಿಗೆ ಚಳಿ ದೇಶದ ಉಣ್ಣೆಯ ಕೂಸು ಅನ್ನುವುದೂ ಪೂರ್ತಿ ನಿಜವಲ್ಲ. ಈಗ ಉಳಿದಿರುವ ತೀರಾ ಹಳೆಯ ಹೆಣಿಗೆಗಳಲ್ಲಿ ಈಜಿಪ್ಟಿನ ಕಾಲುಚೀಲಗಳಿವೆ. ಅವು ನೀಲಿ ಬಿಳಿ ಹತ್ತಿ ದಾರದವು! 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಯಿಂದ ಹೆಣೆಯುವವರ ಹೊಟ್ಟೆ ಮೇಲೆ ಹೊಡೆಯುತ್ತದೆ ಅಂತ ಎಲಿಜಬೆತ್ ರಾಣಿ ಅದಕ್ಕೆ ಪೇಟೆಂಟ್ ಕೊಡಲಿಲ್ಲ ಅಂತ ಕಥೆ ಹೇಳುತ್ತಾರೆ. ಆತ ಫ್ರಾನ್ಸಿಗೆ ಹೋದ. ಇವತ್ತು ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆ ಹೆಣೆಯುವ ಯಂತ್ರಗಳೆಲ್ಲ ಅವನ ಯಂತ್ರದ ಮರಿಮಕ್ಕಳೇ.

ಕೂಸಿನ ವಿಷಯ ಬಂತಲ್ಲ, ಒಂದು ಸಿಟ್ಟೂ ಹೇಳಿಬಿಡುತ್ತೇನೆ. ಗ್ರಹಣದ ದಿನ ಬಸುರಿಯರು ಸೂಜಿ, ಕಡ್ಡಿ, ಕತ್ತರಿ ಮುಟ್ಟಬಾರದು, ಮುಟ್ಟಿದರೆ ಕೂಸಿಗೆ ಸೀಳುತುಟಿ ಆಗುತ್ತದೆ ಅನ್ನುವ ಮಾತು ಇನ್ನೂ ಸತ್ತಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗಿಯ ಕೈಯಿಂದ ಏಳನೇ ತಿಂಗಳಲ್ಲಿ ಕಡ್ಡಿ ಕಿತ್ತುಕೊಂಡು ಕೋಣೆಯಲ್ಲಿ ಕೂರಿಸಿದ್ದರು. ಹೊಟ್ಟೆಯೊಳಗಿನ ಕೂಸಿನ ತುಟಿ ಕೂಡಿಕೊಳ್ಳುವುದು ಬಸಿರಿನ 4ರಿಂದ 7ನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಅಂತಲೇ ಗಟ್ಟಿಯಾಗಿರುವುದಿಲ್ಲ. ಏಳನೇ ತಿಂಗಳಲ್ಲಿ ಚಂದ್ರನ ಮೇಲೆ ಭೂಮಿಯ ನೆರಳು ಬಿದ್ದರೆ ಕೂಡಿದ ತುಟಿ ಬಿಚ್ಚಲು ಅದೇನು ಗೊಬ್ಬರದ ಚೀಲವೇ? ಆ ಹುಡುಗಿ ಮಾತ್ರ ಜಾಣೆ. ಕೋಣೆಯೊಳಗೆ ಕೂತು ಬಾಯಲ್ಲೇ "ಎರಡು ಸೀದಾ, ಎರಡು ಉಲ್ಟಾ" ಎಣಿಸಿ ಹೊಸ ನಮೂನೆ ಯೋಚಿಸಿಟ್ಟಿದ್ದಳು.

ದಾರದ ಬಗ್ಗೆ ಒಂದು ಮಾತು. ಅಂಗಡಿಯವನೊಬ್ಬ ನನಗೆ 'ಶುದ್ಧ ಉಲ್ಲನ್' ಅಂತ ಮಫ್ಲರಿಗೆ ಕೊಟ್ಟದ್ದು ಅಕ್ರಿಲಿಕ್. ಒಂದು ತುಣುಕಿಗೆ ಬೆಂಕಿಕಡ್ಡಿ ಗೀರಿ ಹಿಡಿದೆ. ಕರಗಿ ಕರಿ ಗುಂಡಾಯಿತು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಉಣ್ಣೆಯೂ ಕೂದಲೂ ಒಂದೇ ವಸ್ತು, ಕೆರಾಟಿನ್. ಒದ್ದೆ ತಲೆಗೆ ಜಡೆ ಹೆಣೆದು ಮಲಗಿದರೆ ಬೆಳಿಗ್ಗೆ ಕೂದಲು ಅಲೆ ಅಲೆಯಾಗಿರುತ್ತದೆ, ಅಲ್ವಾ? ನೀರು ಒಳಗೆ ಹೊಕ್ಕಾಗ ಕೆರಾಟಿನ್‌ನ ಒಳಗಿನ ಸಣ್ಣ ಬೆಸುಗೆಗಳು ಬಿಡುತ್ತವೆ. ಒಣಗುವಾಗ ಆಗಿದ್ದ ಆಕಾರದಲ್ಲೇ ಮತ್ತೆ ಹತ್ತಿಕೊಳ್ಳುತ್ತವೆ. ಹೆಣೆದು ಮುಗಿಸಿದ ಉಣ್ಣೆ ಸ್ವೆಟರನ್ನು ಒದ್ದೆ ಮಾಡಿ, ಬೇಕಾದ ಅಳತೆಗೆ ಹರವಿ ಒಣಗಿಸುವುದು ಅದಕ್ಕೇ.

ಕುಲಾವಿಯ ದಾರ ಅಸಲಿ ಉಣ್ಣೆಯೇ. ಬಿಚ್ಚಿದ ಮೇಲೂ ನೂಡಲ್ಸ್ ಥರ ಸುರುಳಿ ಸುರುಳಿಯಾಗಿತ್ತು, ಒಂದೊಂದು ಕುಣಿಕೆಯ ಗುರುತೂ ಅದರ ಮೇಲಿತ್ತು. ಕಾಕು ಹೇಳಿದ ಹಾಗೆ ಲಡಿ ಮಾಡಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿತ್ತಿಲ ಹಗ್ಗಕ್ಕೆ ನೇತುಹಾಕಿದ್ದೇನೆ. ಕೆಳಗೆ ತೂಕಕ್ಕೆ ಹಳೆಯ ಬೀಗ. ಎರಡು ದಿನದಿಂದ ಧಾರವಾಡದ ಜಿಟಿಜಿಟಿ ಮಳೆ ಬಿಟ್ಟಿಲ್ಲ, ದಾರ ಇನ್ನೂ ಒಣಗಿಲ್ಲ. ಮೊಮ್ಮಗಳ ತಲೆ ಮಾತ್ರ ದಿನಾ ಬೆಳೆಯುತ್ತಿದೆ.