ಒಂದೇ ಲ್ಯಾಪ್‌ಟಾಪ್, ಮೂರು ಪರದೆ: ಸ್ಪ್ಲಿಟರ್ ಏಕೆ ಸಾಲದು?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಮುಂದಿನ ಪ್ರಯೋಗದಲ್ಲಿ ಹಿಂಬದಿಯ ಪರದೆಯ ಮೇಲೆ ಎರಡು ಪ್ರೊಜೆಕ್ಟರ್ ಸೇರಿ ಅಗಲವಾದ ಒಂದು ದೃಶ್ಯವನ್ನು ಮೂಡಿಸಬೇಕು, ಪಕ್ಕದ ಎಲ್‌ಇಡಿ ಗೋಡೆಯ ಮೇಲೆ ಬೇರೆಯದೇ ದೃಶ್ಯ ಬರಬೇಕು. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಸ್ಪ್ಲಿಟರ್ ಹಾಕಿದರೆ ಮೂರೂ ಕಡೆ ಒಂದೇ ಚಿತ್ರ ಬರುತ್ತಿದೆ. ಏನು ಮಾಡಬೇಕು?

ಉತ್ತರ: ಸ್ಪ್ಲಿಟರ್ ಕೆಟ್ಟಿಲ್ಲ. ನಕಲು ಮಾಡುವುದೇ ಅದರ ಕೆಲಸ. ಅದರ ಆಚೆ ಎಷ್ಟು ಪರದೆಗಳಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಒಂದೇ. ಮೂರು ಬೇರೆ ಚಿತ್ರಗಳು ಬೇಕೆಂದರೆ ಎರಡೇ ದಾರಿಗಳಿವೆ: ಗ್ರಾಫಿಕ್ಸ್ ಕಾರ್ಡೇ ಮೂರು ಪ್ರತ್ಯೇಕ ಸಿಗ್ನಲ್‌ಗಳನ್ನು ಹೊರಡಿಸಬೇಕು, ಇಲ್ಲವೇ ಕಂಪ್ಯೂಟರ್ ಒಂದೇ ದೊಡ್ಡ ಚಿತ್ರವನ್ನು ಕಳುಹಿಸಿ ಅದನ್ನು ಹೊರಗಿನ ಒಂದು ಪೆಟ್ಟಿಗೆ ತುಂಡರಿಸಿ ಹಂಚಬೇಕು. ಎರಡನ್ನೂ ಬಳಸಿ ನೋಡಿರುವ ನನ್ನ ಒಲವು ಎರಡನೆಯದರ ಕಡೆಗಿದೆ.

ಮೊದಲ ದಾರಿಯಲ್ಲಿ ಹೆಚ್ಚಿನವರು ಎಡವುವುದು ಪೋರ್ಟ್‌ಗಳನ್ನು ಎಣಿಸುವಾಗ. ಎಷ್ಟು ಪೋರ್ಟ್‌ಗಳಿವೆ ಎಂಬುದಕ್ಕಿಂತ, ಏಕಕಾಲಕ್ಕೆ ಎಷ್ಟು ಪರದೆಗಳನ್ನು ನಡೆಸಬಲ್ಲದು ಎಂಬುದು ಮುಖ್ಯ. ಎನ್‌ವಿಡಿಯಾದ ಜಿಫೋರ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಈ ಮಿತಿ ನಾಲ್ಕು; 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಎರಡು ಯುಎಸ್‌ಬಿ-ಸಿ ಪೋರ್ಟ್‌ಗಳಿದ್ದರೂ ಹೊರಗಿನ ಪರದೆ ಒಂದೇ. ಎಚ್‌ಡಿಎಂಐಯಂತೆಯೇ ಚಿತ್ರವನ್ನು ಸಾಗಿಸುವ ಡಿಸ್‌ಪ್ಲೇಪೋರ್ಟ್‌ನಲ್ಲಿ 1.2 ಆವೃತ್ತಿಯಿಂದ ಬಂದಿರುವ ಎಂಎಸ್‌ಟಿ ಎಂಬ ಸೌಲಭ್ಯವುಳ್ಳ ಹಬ್ ಹಾಕಿ ವಿಂಡೋಸ್ ಲ್ಯಾಪ್‌ಟಾಪಿನ ಒಂದೇ ಪೋರ್ಟಿನಿಂದ ಹಲವು ಸ್ವತಂತ್ರ ಪರದೆಗಳನ್ನು ಪಡೆಯಬಹುದಾದರೂ, ಮ್ಯಾಕ್‌ನಲ್ಲಿ ಅದೇ ಹಬ್ ಹಾಕಿದರೆ ಮತ್ತೆ ನಕಲೇ ಬರುತ್ತದೆ. ಡಿಸ್‌ಪ್ಲೇಲಿಂಕ್ ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್‌ಗಳು ಚಿತ್ರವನ್ನು ಸಂಕುಚಿಸಿ ಕಳುಹಿಸುತ್ತವೆ. ಕಚೇರಿಯ ಎಕ್ಸೆಲ್ ಹಾಳೆಗೆ ಅವು ಸಾಕು, ರಂಗದ ಮೇಲಿನ ಮಳೆಯ ದೃಶ್ಯಕ್ಕೆ ಸಾಲವು.

ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಎಚ್‌ಡಿಎಂಐ ಪೋರ್ಟ್ ಒಂದು ಚಿಪ್‌ಗೂ ಯುಎಸ್‌ಬಿ-ಸಿ ಇನ್ನೊಂದಕ್ಕೂ ಜೋಡಣೆಯಾಗಿದ್ದರೆ, ಪ್ರತಿ ಫ್ರೇಮೂ ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತಾ ಚಲನೆ ತಡವರಿಸುತ್ತದೆ. ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂಬುದನ್ನು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದಲ್ಲಿರುವ ಚಿತ್ರದಲ್ಲಿ ನೋಡಬಹುದು.

ಇದೆಲ್ಲ ಸರಿಯಿದ್ದರೂ ನನಗೆ ಈ ದಾರಿಯ ಬಗ್ಗೆ ಅಳುಕು ಏಕೆಂದು ಹೇಳುತ್ತೇನೆ. ಪ್ರತಿ ಪರದೆಯೂ ತಾನು ಯಾರು, ಯಾವ ಅಳತೆಯ ಚಿತ್ರವನ್ನು ತೋರಿಸಬಲ್ಲೆ ಎಂಬ ಪುಟ್ಟ ಪರಿಚಯಪತ್ರವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಇದಕ್ಕೆ ಇಡಿಐಡಿ ಎನ್ನುತ್ತಾರೆ. ಪ್ರೊಜೆಕ್ಟರ್ ಆರಿದಾಗ ಅಥವಾ ಕೇಬಲ್ ಅಲುಗಾಡಿದಾಗ ಈ ಪತ್ರ ಕಾಣೆಯಾದರೆ, ಆ ಪರದೆಯೇ ಇಲ್ಲವೆಂದು ವಿಂಡೋಸ್ ತೀರ್ಮಾನಿಸಿ ಉಳಿದವುಗಳ ಜಾಗವನ್ನು ಬದಲಿಸಿಬಿಡುತ್ತದೆ. ಒಮ್ಮೆ ಪ್ರಯೋಗದ ನಡುವೆ ವಿದ್ಯುತ್ ಕಣ್ಣುಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬದುಕುಳಿಯಿತು, ಪ್ರೊಜೆಕ್ಟರ್ ಉಳಿಯಲಿಲ್ಲ. ಅದು ಮತ್ತೆ ಹೊತ್ತಿಕೊಂಡಾಗ ಕಾಡಿನ ದೃಶ್ಯವಿರಬೇಕಾದ ಪರದೆಯ ತುಂಬ ನನ್ನ ಡೆಸ್ಕ್‌ಟಾಪ್ ಕಾಣಿಸಿತು. ಬೇಡನ ಪಾತ್ರಧಾರಿಯ ತಲೆಯ ಮೇಲೆ ‘ಕರೆಂಟ್ ಬಿಲ್’ ಎಂಬ ಫೈಲು. ಈ ದಾರಿಯನ್ನೇ ಹಿಡಿಯುವಿರಾದರೆ ಪ್ರತಿ ಔಟ್‌ಪುಟ್‌ಗೂ ಒಂದೊಂದು ಇಡಿಐಡಿ ಎಮ್ಯುಲೇಟರನ್ನು ಸಿಕ್ಕಿಸಿ, ಡೆಸ್ಕ್‌ಟಾಪಿನ ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸಿ. ಬೆರಳಿನಷ್ಟೇ ಇರುವ ಆ ಸಾಧನವು ಆಚೆ ಪ್ರೊಜೆಕ್ಟರ್ ಇರಲಿ, ಇಲ್ಲದಿರಲಿ, ಅದೇ ಪರಿಚಯಪತ್ರವನ್ನು ತೋರಿಸುತ್ತಲೇ ಇರುತ್ತದೆ.

ಎರಡನೆಯ ದಾರಿಯಲ್ಲಿ ಕಂಪ್ಯೂಟರಿಗೆ ಹೊರಗಿನ ಪರದೆ ಒಂದೇ ಆದ್ದರಿಂದ ಅದಲುಬದಲಾಗಲು ಏನೂ ಇರುವುದಿಲ್ಲ. ಮ್ಯಾಟ್ರಾಕ್ಸ್‌ನ ಟ್ರಿಪಲ್‌ಹೆಡ್2ಗೋ 5760×1080ರ ಉದ್ದನೆಯ ಚಿತ್ರವನ್ನು ಮೂರು ತುಂಡು ಮಾಡಿದರೆ, ಡೇಟಾಪಾತ್‌ನ ಎಫ್‌ಎಕ್ಸ್4 4ಕೆ ಚಿತ್ರವನ್ನು, ಅಂದರೆ 3840×2160ನ್ನು, 1920×1080ರ ನಾಲ್ಕು ಚೌಕಗಳಾಗಿ ಹಂಚಬಲ್ಲದು. ನಿಮಗೆ ನಾನು ಹೇಳುವುದು ಈ ಎರಡನೆಯ ಬಗೆಯದನ್ನು, ಏಕೆಂದರೆ 4ಕೆ ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಪರಿಚಿತ ಅಳತೆ. ಮೇಲಿನ ಎರಡು ಚೌಕಗಳನ್ನು ಪ್ರೊಜೆಕ್ಟರ್‌ಗಳಿಗೂ ಕೆಳಗಿನ ಎಡ ಚೌಕವನ್ನು ಎಲ್‌ಇಡಿ ಗೋಡೆಗೂ ಕೊಟ್ಟ ಮೇಲೆ ಉಳಿಯುವ ನಾಲ್ಕನೆಯದರಿಂದ ವಿಂಗ್ಸ್‌ನಲ್ಲಿರುವ ನಟರಿಗೆ ಒಂದು ಮಾನಿಟರ್ ಇಡಬಹುದು.

ಕೊಳ್ಳುವ ಮುನ್ನ ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ. ಸೆಕೆಂಡಿಗೆ 60 ಫ್ರೇಮ್‌ಗಳ 1920×1080 ಚಿತ್ರಕ್ಕೆ 148.5 ಮೆಗಾಹರ್ಟ್ಸ್‌ನ ಪಿಕ್ಸೆಲ್ ವೇಗ ಬೇಕು, ನಾಲ್ಕಕ್ಕೆ 594. ಎಚ್‌ಡಿಎಂಐ 1.4ರ ಮಿತಿ 340, ಎಚ್‌ಡಿಎಂಐ 2.0ರದ್ದು 600. ಹಳೆಯ 1.4 ಪೋರ್ಟಿನಲ್ಲೂ 4ಕೆ ಬರುತ್ತದೆ, ಆದರೆ 30 ಫ್ರೇಮ್‌ಗಳಲ್ಲಿ, ಮತ್ತು ಹಾರುವ ಹಕ್ಕಿ ಕುಪ್ಪಳಿಸಿದಂತೆ ಕಾಣುತ್ತದೆ. ಲ್ಯಾಪ್‌ಟಾಪ್ ಮತ್ತು ಪೆಟ್ಟಿಗೆ ಎರಡರಲ್ಲೂ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದೆಯೇ ಎಂದು ನೋಡಿ. ಈ ದಾರಿಯ ಕೊರತೆಯೂ ಇಲ್ಲೇ ಇದೆ: ಆ ಒಂದು ಕೇಬಲ್ ಕೈಕೊಟ್ಟರೆ ಎಲ್ಲ ಪರದೆಗಳೂ ಒಟ್ಟಿಗೆ ಕತ್ತಲಾಗುತ್ತವೆ. ಇನ್ನೊಂದು ಕೇಬಲ್ ಕೈಗೆಟಕುವಂತಿರಲಿ.

ಎಲ್‌ಇಡಿ ಗೋಡೆಯ ವಿಷಯದಲ್ಲಿ ಬಾಡಿಗೆಗೆ ಕೊಡುವವರನ್ನು ಅಡಿಗಳ ಬದಲು ಪಿಕ್ಸೆಲ್ ಅಳತೆಯನ್ನು ಕೇಳಿ. ಪಿ3.91 ಬಗೆಯ, ಅಂದರೆ ಪಿಕ್ಸೆಲ್‌ಗಳ ನಡುವೆ 3.91 ಮಿಲಿಮೀಟರ್ ಅಂತರವಿರುವ, ಅರ್ಧ ಮೀಟರ್ ಚೌಕದ ಒಂದು ಫಲಕದಲ್ಲಿ 128×128 ಪಿಕ್ಸೆಲ್‌ಗಳಿರುತ್ತವೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಡೆ ಎಂದರೆ 768×512 ಮಾತ್ರ. ಸಿಗ್ನಲನ್ನು ಫಲಕಗಳಿಗೆ ಹಂಚುವ ಪೆಟ್ಟಿಗೆಯಾದ ಗೋಡೆಯ ಪ್ರೊಸೆಸರನ್ನು ಸಾಮಾನ್ಯವಾಗಿ ಸಿಗ್ನಲ್‌ನ ಮೇಲಿನ ಎಡಮೂಲೆಯಿಂದ ಅಷ್ಟನ್ನೇ ಕತ್ತರಿಸಿಕೊಳ್ಳುವಂತೆ ಹೊಂದಿಸಿರುತ್ತಾರೆ. ಚೌಕದ ನಡುವೆ ಇಟ್ಟ ಚಂದ್ರನಿಗೆ ಗೋಡೆಯ ಮೇಲೆ ಗ್ರಹಣ ಹಿಡಿಯುವುದು ಹೀಗೆ.

ಪ್ರೊಜೆಕ್ಟರ್‌ಗಳೆರಡರ ನಡುವೆ ಗೆರೆ ಕಾಣದಿರಲು ಅವುಗಳ ಚಿತ್ರಗಳು ಒಂದರ ಮೇಲೊಂದು ಸುಮಾರು 15 ಶೇಕಡಾ ಹಾಯಬೇಕು. 1920ರಲ್ಲಿ ಅದು 288 ಪಿಕ್ಸೆಲ್. ಹಾಗಾಗಿ ಹಿಂಬದಿಯ ದೃಶ್ಯವನ್ನು 3840ರ ಬದಲು 3552 ಅಗಲಕ್ಕೆ ತಯಾರಿಸಿ, ನಡುವಿನ ಪಟ್ಟಿಯನ್ನು ಎರಡೂ ಪ್ರೊಜೆಕ್ಟರ್‌ಗಳಿಗೆ ಕಳುಹಿಸಿ, ಅಲ್ಲಿ ಬೆಳಕನ್ನು ಒಂದರಲ್ಲಿ ಇಳಿಸುತ್ತಾ ಇನ್ನೊಂದರಲ್ಲಿ ಏರಿಸಬೇಕು. ದೃಶ್ಯಗಳನ್ನು ನಡೆಸುವ ರೆಸೊಲ್ಯೂಮ್ ತಂತ್ರಾಂಶವನ್ನು ಬಳಸುವುದಾದರೆ ಈ ಸೌಲಭ್ಯ ಅದರ ಅರೀನಾ ಆವೃತ್ತಿಯಲ್ಲಿದೆ, ಅಗ್ಗದ ಅವೆನ್ಯೂನಲ್ಲಿಲ್ಲ. ಕಪ್ಪು ಮಾತ್ರ ಪೂರ್ತಿ ಬೆಸೆಯದು: ಪ್ರೊಜೆಕ್ಟರಿನ ಕಪ್ಪೂ ಮಂದ ಬೂದು ಬೆಳಕೇ ಆದ್ದರಿಂದ ಎರಡು ಸೇರುವಲ್ಲಿ ಕತ್ತಲ ದೃಶ್ಯದಲ್ಲಿ ಪಟ್ಟಿ ಕಾಣುತ್ತದೆ. ರಾತ್ರಿಯ ಆಕಾಶಕ್ಕೆ ತುಸು ನೀಲಿ ಬೆರೆಸಿದರೆ ಅದು ಅಷ್ಟಾಗಿ ಎದ್ದು ಕಾಣುವುದಿಲ್ಲ. ವಿಡಿಯೊಗಳನ್ನು ಎಚ್.264 ಎಂಬ ಸಾಮಾನ್ಯ ಸಂಕುಚಿತ ರೂಪದಲ್ಲಿ ಬಿಡದೆ ಹ್ಯಾಪ್ ಅಥವಾ ಡಿಎಕ್ಸ್‌ವಿ ರೂಪಕ್ಕೆ ತನ್ನಿ. ಫೈಲು ಹಲವು ಪಟ್ಟು ಹಿಗ್ಗಿದರೂ ಅದನ್ನು ಬಿಡಿಸುವ ಹೊರೆ ಗ್ರಾಫಿಕ್ಸ್ ಚಿಪ್‌ಗೆ ಹೋಗುತ್ತದೆ.

ಇನ್ನು ದೂರ. ತಾಮ್ರದ ಸಾಮಾನ್ಯ ಎಚ್‌ಡಿಎಂಐ ಕೇಬಲನ್ನು ನಾನು ಹತ್ತು ಮೀಟರಿನಾಚೆ ನಂಬುವುದಿಲ್ಲ. ಸಭಾಂಗಣದ ಹಿಂದಿನಿಂದ ರಂಗದವರೆಗೆ ಎಳೆಯಬೇಕಾದರೆ ಎಚ್‌ಡಿಎಂಐ ಚಿತ್ರವನ್ನು ನೆಟ್‌ವರ್ಕ್ ತಂತಿಯಲ್ಲಿ ಸಾಗಿಸುವ ಎಚ್‌ಡಿಬೇಸ್‌ಟಿ ಪೆಟ್ಟಿಗೆಗಳ ಜೋಡಿಯನ್ನು, ಒಂದು ಕಳುಹಿಸಲು, ಇನ್ನೊಂದು ಪಡೆಯಲು, ಬಳಸಿ. ಕ್ಯಾಟ್6 ತಂತಿಯಲ್ಲಿ 1080ರ ಚಿತ್ರ 100 ಮೀಟರ್ ಹೋಗಬಲ್ಲದು. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಕೂಡ ಆದೀತು, ಆದರೆ ಅದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದು ಬರೆದಿರುವ ತುದಿ ಕಂಪ್ಯೂಟರಿನ ಕಡೆಗಿರಬೇಕು. ಜಮಖಾನದಡಿ ಹಾಸಿ ಟೇಪ್ ಅಂಟಿಸುವ ಮೊದಲೇ ಅದನ್ನು ಓದಿಕೊಳ್ಳಿ.