ಬರ್ಡ್ಸ್‌ವಿಲ್‌ನ ವಿಮಾನ ಯಾರ ಲೆಕ್ಕಕ್ಕೆ?

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಅಂಚಿನಲ್ಲಿ, ಸಿಂಪ್ಸನ್ ಮರುಭೂಮಿಗೆ ತಾಗಿಕೊಂಡಂತೆ ಬರ್ಡ್ಸ್‌ವಿಲ್ ಎಂಬ ಊರಿದೆ. ಜನಸಂಖ್ಯೆ ನೂರರ ಆಸುಪಾಸು. ರಾಜಧಾನಿ ಬ್ರಿಸ್ಬೇನ್ ಸುಮಾರು 1,600 ಕಿ.ಮೀ. ದೂರ. ವಾರಕ್ಕೆ ಎರಡು ಬಾರಿ ಅಲ್ಲಿಗೆ ಬರುವ ಚಿಕ್ಕ ವಿಮಾನವನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆ ಕಂಪನಿ, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ ಮತ್ತು ಸ್ಥಳೀಯ ಕೌನ್ಸಿಲ್‌ಗಳ ನಡುವೆ ಎಷ್ಟು ಸಿಕ್ಕುಹಾಕಿಕೊಂಡಿದೆಯೆಂದರೆ, ಎಳೆ ಹಿಡಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ದಕ್ಷಿಣ ಆಸ್ಟ್ರೇಲಿಯದ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದ ದನದ ಹಿಂಡುಗಳ ಮೇಲೆ ಸುಂಕ ವಸೂಲಿ ಮಾಡುವ ಠಾಣೆಯಾಗಿ 1880ರ ದಶಕದಲ್ಲಿ ಬೆಳೆದ ಈ ಊರು, 1901ರಲ್ಲಿ ಆಸ್ಟ್ರೇಲಿಯದ ವಸಾಹತುಗಳು ಒಕ್ಕೂಟವಾಗಿ ಗಡಿ ಸುಂಕ ರದ್ದಾದ ಮೇಲೆ ಕುಗ್ಗಿತು. 1922ರಲ್ಲಿ ಕ್ವಾಂಟಾಸ್ ಕಂಪನಿ ಚಾರ್ಲ್‌ವಿಲ್ ಮತ್ತು ಕ್ಲಾಂಕರಿ ನಡುವೆ ಅಂಚೆ ವಿಮಾನ ಆರಂಭಿಸಿದ್ದು ಸರ್ಕಾರದ ಸಹಾಯಧನದಿಂದ; 1928ರಲ್ಲಿ ಅದೇ ಕ್ಲಾಂಕರಿಯಿಂದ ‘ಹಾರುವ ವೈದ್ಯ’ ಸೇವೆ ಹೊರಟಿತು. ಒಳನಾಡಿನ ವಿಮಾನಯಾನ ಮೊದಲ ದಿನದಿಂದಲೂ ಸಾರ್ವಜನಿಕ ಹಣದ ಮೇಲೆಯೇ ನಿಂತಿತ್ತು ಎಂಬುದು ಇಂದಿನ ಚರ್ಚೆಗಳಲ್ಲಿ ಯಾಕೋ ಮರೆತುಹೋಗುತ್ತದೆ.

ದೇಶದ ಮುಖ್ಯ ಮಾರ್ಗಗಳನ್ನು ಎರಡೇ ಕಂಪನಿಗಳಿಗೆ ಮೀಸಲಿಟ್ಟಿದ್ದ ನೀತಿ 1990ರಲ್ಲಿ ಕೊನೆಗೊಂಡು ಪೈಪೋಟಿ ಮುಕ್ತವಾಯಿತು. ಅದೇ ಹೊತ್ತಿಗೆ, ಕೇಂದ್ರದ ಕೈಯಲ್ಲಿದ್ದ ನೂರಾರು ಸಣ್ಣ ನಿಲ್ದಾಣಗಳು ಸ್ಥಳೀಯ ಕೌನ್ಸಿಲ್‌ಗಳ ಪಾಲಾಗಿದ್ದವು. ಪ್ರಯಾಣಿಕರೇ ವಿರಳವಾದ ಮಾರ್ಗಗಳನ್ನು ಮಾರುಕಟ್ಟೆ ನೋಡಿಕೊಳ್ಳುವುದಿಲ್ಲ ಎಂಬುದು ಸ್ಪಷ್ಟವಿದ್ದುದರಿಂದ ಕ್ವೀನ್ಸ್‌ಲ್ಯಾಂಡ್ ಸರ್ಕಾರ 1994ರ ಪ್ರಯಾಣಿಕ ಸಾರಿಗೆ ಕಾಯ್ದೆಯಡಿ ಅಂಥವನ್ನು ನಿಯಂತ್ರಿತ ಮಾರ್ಗಗಳೆಂದು ಗುರುತಿಸಿ, ಟೆಂಡರ್ ಕರೆದು, ಒಂದು ಮಾರ್ಗಕ್ಕೆ ಒಂದೇ ಕಂಪನಿಯನ್ನು ನೇಮಿಸುವ ಪದ್ಧತಿ ತಂದಿತು.

ಬರ್ಡ್ಸ್‌ವಿಲ್ ಇರುವುದು ಇಂಥದೊಂದು ಮಾರ್ಗದಲ್ಲಿ. ಬ್ರಿಸ್ಬೇನ್‌ನಿಂದ ಹೊರಟ ವಿಮಾನ ಟೂವೂಂಬಾ, ಚಾರ್ಲ್‌ವಿಲ್, ಕ್ವಿಲ್ಪಿ, ವಿಂಡೋರಾಗಳಲ್ಲಿ ಇಳಿದೇರುತ್ತ ಇಲ್ಲಿಗೆ ಬಂದು, ಬೆಡೂರಿ, ಬೂಲಿಯಾ ದಾಟಿ ಮೌಂಟ್ ಐಸಾ ತಲುಪುತ್ತದೆ. ಬರ್ಡ್ಸ್‌ವಿಲ್‌ನಲ್ಲಿ ಇಳಿದವರು ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಡೆದೇ ಹೊರಬರಬೇಕು. ರಸ್ತೆಯ ಆಚೆ ಬದಿಯಲ್ಲೇ ಊರಿನ ಹಳೆಯ ಹೋಟೆಲು. ಸೆಪ್ಟೆಂಬರಿನ ಕುದುರೆ ರೇಸಿನ ದಿನಗಳಲ್ಲಿ ಅದರ ಎದುರಿನ ಬಯಲು ಖಾಸಗಿ ವಿಮಾನಗಳಿಂದ ತುಂಬುತ್ತದೆ. ಉಳಿದ ದಿನಗಳಲ್ಲಿ ಹತ್ತಿಳಿಯುವವರು ತಜ್ಞ ವೈದ್ಯರನ್ನು ಕಾಣಬೇಕಾದ ರೋಗಿಗಳು, ದೂರದ ವಸತಿ ಶಾಲೆಗೆ ಹೊರಟ ಮಕ್ಕಳು, ನರ್ಸ್‌ಗಳು, ಶಿಕ್ಷಕರು. ಡಯಮಂಟೀನಾ ನದಿ ಉಕ್ಕಿದರೆ ರಸ್ತೆಗಳು ವಾರಗಟ್ಟಲೆ ಮುಚ್ಚುತ್ತವೆ. ಆಗ ಉಳಿಯುವುದು ಆಕಾಶದ ದಾರಿಯೊಂದೇ. ಹೆದ್ದಾರಿಗೆ ಡಾಂಬರು ಹಾಕುವಾಗ ಲಾಭ ಎಷ್ಟು ಬಂತೆಂದು ಯಾರೂ ಕೇಳುವುದಿಲ್ಲ, ಆದರೆ ಈ ದಾರಿಗೆ ಮಾತ್ರ ಪ್ರತಿ ಬಾರಿಯೂ ಆ ಪ್ರಶ್ನೆ ಎದುರಾಗುತ್ತದೆ.

2015ರಿಂದ ಈ ಮಾರ್ಗವನ್ನು ನಡೆಸುತ್ತ ಬಂದಿರುವ ರೆಕ್ಸ್ ಸಂಸ್ಥೆ, 2001ರಲ್ಲಿ ಆನ್ಸೆಟ್ ಎಂಬ ವಿಮಾನಯಾನ ಕಂಪನಿ ಕುಸಿದ ಮೇಲೆ ಅದರ ಎರಡು ಪ್ರಾದೇಶಿಕ ಅಂಗಸಂಸ್ಥೆಗಳನ್ನು ಸೇರಿಸಿ ಕಟ್ಟಿದ್ದು. ಅದು ಬಳಸುವುದು 34 ಸೀಟುಗಳ ಸಾಬ್ 340 ವಿಮಾನವನ್ನು. ಗೊಂದಲದ ನಿಜವಾದ ಗಂಟು ಇರುವುದು ಈ ವಿಮಾನದಲ್ಲೇ. ಇದರ ತಯಾರಿಕೆ 1999ರಲ್ಲೇ ನಿಂತುಹೋಗಿದೆ. ಎಂಜಿನ್ ಭಾಗಗಳು ದುರ್ಲಭವಾಗಿ, ಹಾರಬೇಕಾದ ಹಲವು ವಿಮಾನಗಳು ಹ್ಯಾಂಗರಿನಲ್ಲೇ ಕೂತಿವೆ. ಹಾಗಾದರೆ ಹೊಸದನ್ನು ತರಬಾರದೇ ಎಂದರೆ, ಈ ಗಾತ್ರದ ಹೊಸ ವಿಮಾನವನ್ನು ಯಾರೂ ತಯಾರಿಸುತ್ತಿಲ್ಲ. 19 ಸೀಟಿನವು ಇಷ್ಟು ದೂರದ, ಇಷ್ಟು ನಿಲುಗಡೆಗಳ ಪಯಣಕ್ಕೆ ಇಕ್ಕಟ್ಟು. ಮುಂದಿನ ಗಾತ್ರದ ಎಟಿಆರ್ 42ರಲ್ಲಿ ಸಾಮಾನ್ಯವಾಗಿ 48 ಸೀಟುಗಳಿರುತ್ತವೆ.

ಇಲ್ಲಿ ಭದ್ರತಾ ನಿಯಮ ಅಡ್ಡ ಬರುತ್ತದೆ. ಪ್ರಯಾಣಿಕರನ್ನೂ ಸಾಮಾನನ್ನೂ ಯಂತ್ರದಲ್ಲಿ ತಪಾಸಣೆ ಮಾಡುವ ಕಡ್ಡಾಯವನ್ನು ಮೊದಲು ವಿಮಾನದ ತೂಕದಿಂದ ನಿರ್ಧರಿಸಲಾಗುತ್ತಿತ್ತು. 2017ರಲ್ಲಿ ಸಿಡ್ನಿಯಲ್ಲಿ ವಿಮಾನ ಸ್ಫೋಟದ ಸಂಚು ಬಯಲಾದ ಬಳಿಕ ನಡೆದ ಪರಿಷ್ಕರಣೆಯಲ್ಲಿ ಸೀಟುಗಳ ಲೆಕ್ಕ ಬಂದು, 40ರ ಮಿತಿ ಗೊತ್ತಾಯಿತು. ಸಾಬ್ ಈ ಮಿತಿಯ ಕೆಳಗೆ ಉಳಿಯುತ್ತದೆ, ಎಟಿಆರ್ ಉಳಿಯುವುದಿಲ್ಲ. ಅಂದರೆ ವಿಮಾನ ದೊಡ್ಡದಾದರೆ, ವಾರದಲ್ಲಿ ಕೆಲವೇ ಗಂಟೆ ಕೆಲಸವಿರುವ ತಪಾಸಣಾ ಯಂತ್ರ ಮತ್ತು ತರಬೇತಿ ಪಡೆದ ಸಿಬ್ಬಂದಿಯ ವೆಚ್ಚ ಬರ್ಡ್ಸ್‌ವಿಲ್‌ನ ಸ್ಥಳೀಯ ಆಡಳಿತವಾದ ಡಯಮಂಟೀನಾ ಶೈರ್ ಕೌನ್ಸಿಲ್ ಮೇಲೆ ಬೀಳಬಹುದು. ಸುಮಾರು 95,000 ಚದರ ಕಿ.ಮೀ. ವಿಸ್ತೀರ್ಣಕ್ಕೆ ಕೆಲವು ನೂರು ಜನರಷ್ಟೇ ಇರುವ ಆಡಳಿತಕ್ಕೆ ಅದು ಬಿಳಿಯಾನೆಯೇ ಸರಿ. ಸೀಟು ಕಿತ್ತು ಮಿತಿಯೊಳಗೆ ತರಬಹುದು, ಆದರೆ ಆಗ ಟಿಕೆಟ್ಟಿನ ಆದಾಯ ಇಳಿದು ಸಹಾಯಧನ ಏರುತ್ತದೆ.

ಇದರ ಮೇಲೆ ಬಿಸಿಲು ಬೇರೆ. ಕ್ವೀನ್ಸ್‌ಲ್ಯಾಂಡ್‌ನ ದಾಖಲೆಯ ತಾಪಮಾನವಾದ 49.5 ಡಿಗ್ರಿ ಸೆಲ್ಸಿಯಸ್ 1972ರ ಡಿಸೆಂಬರ್ 24ರಂದು ಇದೇ ಬರ್ಡ್ಸ್‌ವಿಲ್‌ನಲ್ಲಿ ದಾಖಲಾಯಿತು. ಕಾದ ಗಾಳಿ ತೆಳುವಾಗಿ ರೆಕ್ಕೆಗೂ ಎಂಜಿನ್‌ಗೂ ಬಲ ತಗ್ಗುವುದರಿಂದ, ಕಡು ಬೇಸಗೆಯಲ್ಲಿ ಹೊರೆ ಇಳಿಸಿಯೇ ಹಾರಬೇಕಾಗಬಹುದು. ಕಾಗದದ ಮೇಲಿನ 34 ಸೀಟು ಎಂದರೆ ಎಲ್ಲ ದಿನವೂ 34 ಸೀಟು ಎಂದಲ್ಲ.

2021ರಲ್ಲಿ ದೊಡ್ಡ ನಗರಗಳ ನಡುವೆ ಬೋಯಿಂಗ್ 737 ಹಾರಾಟಕ್ಕೆ ಕೈಹಾಕಿದ್ದ ರೆಕ್ಸ್, 2024ರ ಜುಲೈನಲ್ಲಿ ಸಾಲದ ಭಾರಕ್ಕೆ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಸುಪರ್ದಿಗೆ ಹೋಯಿತು. ಬೋಯಿಂಗ್‌ಗಳು ನಿಂತವು, ಪ್ರಾದೇಶಿಕ ಮಾರ್ಗಗಳ ಬುಕಿಂಗ್‌ಗೆ ಕೇಂದ್ರ ಸರ್ಕಾರ ಖಾತರಿ ನೀಡಿದ್ದರಿಂದ ಸಾಬ್‌ಗಳು ಹಾರುತ್ತಲೇ ಇದ್ದವು. ಲಾಭಕ್ಕೆಂದು ಆರಂಭಿಸಿದ ಮಾರ್ಗಗಳು ಮುಚ್ಚಿ, ಸಹಾಯಧನದ ಮಾರ್ಗಗಳು ಉಳಿದದ್ದು ವಿಚಿತ್ರವೆನಿಸಬಹುದು. 2025ರಲ್ಲಿ ಅಮೆರಿಕದ ಏರ್ ಟಿ ಕಂಪನಿ ರೆಕ್ಸ್ ಅನ್ನು ಕೊಳ್ಳುವ ಒಪ್ಪಂದಕ್ಕೆ ಬಂತು. ಒಡೆತನ ಯಾರದೇ ಆಗಲಿ, ನೆಲಕ್ಕಂಟಿದ ಸಾಬ್‌ಗಳನ್ನು ಮತ್ತೆ ಹಾರಿಸುವುದು ಮೊದಲ ಕೆಲಸ. ಅದರ ನಂತರ 40ರ ಮಿತಿಯನ್ನು ಸಡಿಲಿಸುವುದೋ, ತಪಾಸಣೆಯ ಖರ್ಚನ್ನು ಕೌನ್ಸಿಲ್ ಬದಲು ಕೇಂದ್ರವೇ ಹೊರುವುದೋ ಎಂಬುದು ತೀರ್ಮಾನವಾಗದೆ ಬದಲಿ ವಿಮಾನದ ಆಯ್ಕೆ ಮುಂದುವರಿಯಲಾರದು.